ಸೊಂಟದ ಆಪರೇಷನ್‌ಗೆ ಹೋದ ಅತ್ತೆಗೆ ನ್ಯುಮೋನಿಯಾ: ವಾರ್ಡಿನಲ್ಲಿ ಇವನ್ನು ಕಣ್ಣಿಟ್ಟು ನೋಡಿ

ಮನೆಯಲ್ಲಿ ವಯಸ್ಸಾದವರನ್ನು ಆಸ್ಪತ್ರೆಗೆ ಸೇರಿಸಿದ್ದರೆ ದಯವಿಟ್ಟು ಇದನ್ನು ಓದಿ. ನಮ್ಮತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಖಾಸಗಿ ಆಸ್ಪತ್ರೆ. ಹೆಸರು ಬರೆಯಲ್ಲ, ಕೇಸು ನಡೀತಿದೆ. ಆಪರೇಷನ್ ಚೆನ್ನಾಗಿಯೇ ಆಯಿತು. ಸೇರಿಸುವಾಗ ತೆಗೆದ ಎದೆಯ ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಆಮೇಲೆ ಜ್ವರ, ಹಳದಿ ಕಫ, ಏದುಸಿರು. ಐಸಿಯು, ವೆಂಟಿಲೇಟರ್. ಕಫದ ಕಲ್ಚರ್‌ನಲ್ಲಿ (ಲ್ಯಾಬಿನಲ್ಲಿ ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಅಸಿನೆಟೊಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾ ಬಂತು. ಸಾಮಾನ್ಯ ಆಂಟಿಬಯಾಟಿಕ್‌ಗೆ ಬಗ್ಗದ ಜಾತಿಯದು. ಕೊನೆಗೆ ಕೊಲಿಸ್ಟಿನ್ ಕೊಟ್ಟರು, ಬೇರೆ ಯಾವುದೂ ನಾಟದಾಗ ಕೊಡುವ ಆಂಟಿಬಯಾಟಿಕ್ ಅದು. ಅತ್ತೆ ಉಳಿಯಲಿಲ್ಲ.

"ವಯಸ್ಸಾಗಿತ್ತಲ್ಲ, ಹೀಗೆಲ್ಲ ಆಗುತ್ತೆ" ಅಂದರು ಡಾಕ್ಟರು. ಆಗುತ್ತೆ, ನಿಜ. ಸೇರಿ 48 ಗಂಟೆ ಕಳೆದ ಮೇಲೆ ಶುರುವಾದ ನ್ಯುಮೋನಿಯಾವನ್ನು ಆಸ್ಪತ್ರೆಯಲ್ಲೇ ಅಂಟಿದ್ದು ಅಂತ ಲೆಕ್ಕ ಹಾಕುತ್ತಾರೆ. ಒಳ್ಳೆಯ ಆಸ್ಪತ್ರೆಯಲ್ಲೂ ಬರುತ್ತದೆ. ಆದರೆ ನಾವು ಆ ವಾರ್ಡಿನಲ್ಲಿ ಕಂಡಿದ್ದೇ ಬೇರೆ.

ಆಪರೇಷನ್ ಆದ ಮೇಲೆ ಅತ್ತೆಗೆ ಮಂಪರು. ನುಂಗಲಾಗದು ಅಂತ ಮೂಗಿಗೆ ಟ್ಯೂಬ್ ಹಾಕಿದ್ದರು. ಅದರಲ್ಲಿ ಗಂಜಿ ಬಿಡುವಾಗಲೂ ಅಂಗಾತ ಮಲಗಿಸಿಯೇ ಇರುತ್ತಿದ್ದರು. ಮಂಚದ ತಲೆಭಾಗ 30ರಿಂದ 45 ಡಿಗ್ರಿ ಮೇಲಿರಬೇಕು. ಇಲ್ಲದಿದ್ದರೆ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯ ಜಾಸ್ತಿ. ಮಂಚ ಎತ್ತುವ ಹಿಡಿಕೆ ಇತ್ತು, ತುಕ್ಕು ಹಿಡಿದು ತಿರುಗುತ್ತಿರಲಿಲ್ಲ.

ಆಕ್ಸಿಜನ್ ಪೈಪಿಗೆ ಗುಳುಗುಳು ಅನ್ನುವ ನೀರಿನ ಬಾಟಲಿ ಇರುತ್ತಲ್ವಾ? ಅದಕ್ಕೆ ಸ್ಟೆರೈಲ್ ನೀರು ಹಾಕಬೇಕು. ಅಲ್ಲಿ ಆಯಾ ಕೈ ತೊಳೆಯುವ ನಲ್ಲಿಯಿಂದ ಹಿಡಿದು ತಂದರು. ಅದೂ ಹಳೇ ನೀರು ಚೆಲ್ಲದೆ, ಅದರ ಮೇಲೆಯೇ ಸುರಿದರು. ಔಷಧಿಯನ್ನು ಹಬೆಯಂತೆ ಉಸಿರಾಡಿಸುವ ನೆಬುಲೈಸರ್‌ನ ಮಾಸ್ಕ್ ಪಕ್ಕದ ಮಂಚದವರ ಮುಖದಿಂದ ಬಿಚ್ಚಿ ಸೀದಾ ಅತ್ತೆಯ ಮುಖಕ್ಕೆ. ನಮ್ಮನೆಯವರು ಕೇಳಿದ್ದಕ್ಕೆ "ಎಲ್ಲರಿಗೂ ಹೀಗೇ ಸರ್" ಅಂದರು. ಬಿಲ್ಲಿನಲ್ಲಿ ಮಾತ್ರ ಮಾಸ್ಕಿಗೆ ಬೇರೆ ದುಡ್ಡು! ಆಯಾನ ಬೈದು ಪ್ರಯೋಜನವಿಲ್ಲ ಬಿಡಿ. ರಾತ್ರಿ ಇಡೀ ವಾರ್ಡಿಗೆ ಒಬ್ಬರೇ ನರ್ಸ್ ಇಟ್ಟವರು ಯಾರು?

ಇಂಥದ್ದು ಕಂಡರೆ ಸುಮ್ನೆ ಇರಬೇಡಿ. ಮಾಸ್ಕ್ ನಿಮ್ಮವರದ್ದೇ ಇರಲಿ, ಹೆಸರು ಬರೆದಿಡಿ. ಮುಟ್ಟುವ ಮುಂಚೆ ಕೈ ತೊಳೆಯಿರಿ ಅಂತ ಡಾಕ್ಟರಿಗೂ ಹೇಳಿ, ಸಂಕೋಚ ಬೇಡ. ಫೋಟೋ ತೆಗೆದಿಟ್ಟುಕೊಳ್ಳಿ. ಕೇಸ್ ಶೀಟ್, ನರ್ಸಿಂಗ್ ಚಾರ್ಟ್, ಕಲ್ಚರ್ ರಿಪೋರ್ಟ್ ಬರಹದಲ್ಲೇ ಕೇಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯಕೀಯ ಪರಿಷತ್ತಿನ ನಿಯಮವಿದೆ. ನಮಗೆ ಮೊದಲು ಬರೀ ಡಿಸ್ಚಾರ್ಜ್ ಸಮ್ಮರಿ ಕೈಗಿಟ್ಟು ಸಾಗಹಾಕಲು ನೋಡಿದ್ದರು.

ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿನಡಿ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಎರಡು ವರ್ಷದೊಳಗೆ ಗ್ರಾಹಕರ ಆಯೋಗಕ್ಕೆ ಹೋಗಬೇಕು. ಸೋಂಕು ತಗುಲಿತು ಅಂದರಷ್ಟೇ ಕೇಸು ನಿಲ್ಲಲ್ಲ. ಮಾಡಬೇಕಾದ್ದನ್ನು ಮಾಡಿಲ್ಲ ಅಂತ ತೋರಿಸಬೇಕು. ರಾಜ್ಯದ ವೈದ್ಯಕೀಯ ಪರಿಷತ್ತಿಗೂ ದೂರು ಕೊಡಬಹುದು, ಆದರೆ ಅಲ್ಲಿ ಡಾಕ್ಟರ ಮೇಲೆ ಕ್ರಮ ಅಷ್ಟೇ, ಪರಿಹಾರದ ದುಡ್ಡು ಸಿಗಲ್ಲ.