ಡೆಕಾಲ್‌ಗೆ ಮೊದಲು: ಹೊಳಪಿನ ಬಣ್ಣವೋ, ಮಂದ ಬಣ್ಣದ ಮೇಲೆ ಹೊಳಪಿನ ಲೇಪವೋ?

1:87 ಅಳತೆಯ (ಇದನ್ನೇ ಎಚ್‌ಒ ಎನ್ನುವುದು) ಮಾದರಿ ರೈಲಿನ ವ್ಯಾಗನ್‌ಗೆ ಮಂದ ಬಣ್ಣ ಬಳಿದು ನೇರವಾಗಿ ಡೆಕಾಲ್, ಅಂದರೆ ಅಕ್ಷರ-ಚಿತ್ರ ಮುದ್ರಿಸಿದ ತೆಳು ಪೊರೆ, ಅಂಟಿಸಬೇಡಿ. ಬರಿಗಣ್ಣಿಗೆ ನುಣುಪಾಗಿ ಕಂಡರೂ ಆ ಮೇಲ್ಮೈ ಒರಟು. ಅದರ ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಂಡು, ಅಕ್ಷರಗಳ ಸುತ್ತ ಬೆಳ್ಳಿಯಂಥ ಮಿರುಗು ಉಳಿದುಬಿಡುತ್ತದೆ. ಅಷ್ಟು ದಿನದ ಶ್ರಮ ಹಾಗಾದರೆ ಎಷ್ಟು ಬೇಸರ!

ಹೊಳಪಿನ ಬಣ್ಣವನ್ನೇ ಬಳಿದರೆ ಒಂದು ಪದರ ಕಡಿಮೆಯಾಗುತ್ತದೆ, ಸಣ್ಣ ರಿವೆಟ್‌ಗಳು ಸ್ಪಷ್ಟವಾಗಿಯೇ ಇರುತ್ತವೆ. ಆದರೆ ಅದು ಎನಾಮೆಲ್ ಬಣ್ಣವಾದರೆ ಪೂರ್ತಿ ಒಣಗಲು ದಿನಗಳೇ ಬೇಕು. ಬೇಕಾದ ರೈಲ್ವೆ ಬಣ್ಣ ಹೊಳಪಿನಲ್ಲಿ ಸಿಗದೆಯೂ ಇರಬಹುದು.

ಮಂದ ಬಣ್ಣದ ಮೇಲೆ ಪಾರದರ್ಶಕ ಹೊಳಪಿನ ಲೇಪ ಕೊಡುವುದಾದರೆ ಬಣ್ಣಗಳ ಆಯ್ಕೆ ಹೆಚ್ಚು. ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ಇದ್ದವರಿಗೆ ನನ್ನ ಸಲಹೆ ಇದೇ: ತೆಳುವಾಗಿ ಎರಡು ಸಲ ಸಿಂಪಡಿಸಿ, ಚೆನ್ನಾಗಿ ಒಣಗಲು ಬಿಡಿ.

ಎರಡರಲ್ಲೂ ಕೊನೆಗೊಂದು ಮಂದ ಲೇಪ ಬೇಕು. ಡೆಕಾಲ್‌ನ ಅಂಚು ಮರೆಯಾಗುವುದು ಅದರಿಂದಲೇ.