ಮಾಹಿಷ್ಮತಿಯೋ, ಶ್ರೆಕ್ ಕೋಟೆಯೋ?

ಹಾಸನದಿಂದ ಮಕ್ಕಳ ಜೊತೆ ಸಿನಿಮಾ ಲೋಕ ನೋಡಲು ಹೊರಟಿದ್ದೀರಾ? ಹೈದರಾಬಾದ್ ಬಳಿಯ ರಾಮೋಜಿ ಫಿಲ್ಮ್ ಸಿಟಿಯಲ್ಲಿ ‘ಬಾಹುಬಲಿ’ಯ ಮಾಹಿಷ್ಮತಿ ಸೆಟ್ ಇದೆ. ಜಾಗ 1,600 ಎಕರೆಗಿಂತ ಜಾಸ್ತಿ, ಬಸ್ಸಿನಲ್ಲಿ ಸುತ್ತಿಸುತ್ತಾರೆ. ಅಲ್ಲಿ ಕಲ್ಲಿನಂತೆ ಕಾಣುವುದೆಲ್ಲ ಕಲ್ಲಲ್ಲ. ಹಳೇಬೀಡು ನೋಡಿ ಬೆಳೆದ ನಮ್ಮ ಮಕ್ಕಳು ಗೋಡೆ ತಟ್ಟಿ, ‘ಅಯ್ಯೋ, ಟೊಳ್ಳು!’ ಅಂತ ನಗುತ್ತಾರೆ. ಅರ್ಧ ಮಜಾ ಅದೇ. ಏಪ್ರಿಲ್-ಮೇ ಬಿಸಿಲಲ್ಲಿ ಮಾತ್ರ ಬೇಡವೇ ಬೇಡ.

ಸಿಂಗಾಪುರದ ಸೆಂಟೋಸಾ ದ್ವೀಪದಲ್ಲಿರುವ ಯೂನಿವರ್ಸಲ್ ಸ್ಟುಡಿಯೋಸ್ ಎಂಬ ಸಿನಿಮಾ ಥೀಮ್ ಪಾರ್ಕಿನಲ್ಲಿ ‘ಶ್ರೆಕ್’ ಕಾರ್ಟೂನ್ ಸಿನಿಮಾದ ಕೋಟೆ, ಡೈನೋಸಾರ್ ಎಲ್ಲ ಇವೆ. ಆದರೆ ಪಾಸ್‌ಪೋರ್ಟ್, ವೀಸಾ, ವಿಮಾನದ ಖರ್ಚು. ದೊಡ್ಡ ರೈಡುಗಳಿಗೆ ಎತ್ತರದ ಮಿತಿ ಬೇರೆ. ಅಷ್ಟು ದೂರ ಹೋಗಿ ಪುಟ್ಟವರನ್ನು ಸುಮ್ನೆ ಹೊರಗೆ ನಿಲ್ಲಿಸುವುದು ಬೇಜಾರು, ಅಲ್ವಾ?

ಆರು ವರ್ಷದೊಳಗಿನವರಿದ್ದರೆ ನನ್ನ ಓಟು ರಾಮೋಜಿಗೆ. ಹತ್ತು ದಾಟಿದ್ದರೆ ದುಡ್ಡು ಕೂಡಿಟ್ಟು ಸಿಂಗಾಪುರಕ್ಕೇ ಹೋಗಿ.