ಬಾಡಿಗೆ ರಕ್ಷಣಾ ಕಿಟ್: ವಿಂಚು ಗಟ್ಟಿ, ಆ ಡಬ್ಬಿ ಮಾತ್ರ ನಂಬಬೇಡಿ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಅಂಗಡಿಯೊಂದರಲ್ಲಿ ದಿನಬಾಡಿಗೆಗೆ ಸಿಗುವ ಕಿಟ್ ಇದು. ಮಂಡ್ಯ ಕಡೆ ಬಾವಿ ಹೂಳೆತ್ತಿಸುವವರು, ಸಂಪ್ ತೊಳೆಸುವವರು ಒಯ್ಯುತ್ತಾರೆ. ಮೂರುಕಾಲಿನ ಸ್ಟ್ಯಾಂಡು, ಹಗ್ಗ ಸುತ್ತಿ ಆಳನ್ನು ಇಳಿಸಿ ಎತ್ತುವ ಕೈವಿಂಚು, 20 ಮೀಟರ್ ಉಕ್ಕಿನ ಹಗ್ಗ, ಮೈಗೆ ಬಿಗಿಯುವ ಪಟ್ಟಿಯ ಹಾರ್ನೆಸ್ ಎರಡು, ನಾಲ್ಕು ಬಗೆಯ ಅನಿಲ ಅಳೆಯುವ ಒಂದು ಡಿಟೆಕ್ಟರ್, ಗಾಳಿ ಊದುವ ಬ್ಲೋವರ್, ಜೊತೆಗೆ ಗಣಿ ಕಾರ್ಮಿಕರು ಸೊಂಟಕ್ಕೆ ಕಟ್ಟುವ ಸೆಲ್ಫ್ ರೆಸ್ಕ್ಯೂಅರ್ ಡಬ್ಬಿ ಎರಡು.

ವಿಂಚು ಚೆನ್ನಾಗಿದೆ. ಹಿಡಿಕೆ ಕೈಬಿಟ್ಟರೂ ಹಗ್ಗ ಜಾರುವುದಿಲ್ಲ. ಕೊಕ್ಕೆಯನ್ನು ಹಾರ್ನೆಸ್ಸಿನ ಬೆನ್ನಿನ ರಿಂಗಿಗೇ ಹಾಕಿ. ಸೊಂಟಕ್ಕೆ ಹಾಕಿದರೆ ಪ್ರಜ್ಞೆ ತಪ್ಪಿದವರ ಮೈ ಮಡಚಿಕೊಂಡು ಸಂಪಿನ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ಸ್ಟ್ಯಾಂಡಿನ ಕಾಲಗಲ ಐದಾರು ಅಡಿ ಅಷ್ಟೇ, ಹೊಲದ ತೆರೆದ ಬಾವಿಗೆ ಸಾಲದು. ದಂಡೆ ಕುಸಿದಿದ್ದರೆ ಅಲ್ಲಿ ಕಾಲೂರಲೇಬೇಡಿ, ಉಳಿದ ಮಣ್ಣೂ ಕೆಳಗಿದ್ದವರ ಮೇಲೆ ಬೀಳುತ್ತದೆ.

ಡಿಟೆಕ್ಟರ್ ಆಮ್ಲಜನಕ, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್, ಉರಿಯುವ ಅನಿಲ ತೋರಿಸುತ್ತದೆ. ಹಾಳು ಬಾವಿಯ ತಳದಲ್ಲಿ ಕೂರುವ ಇಂಗಾಲದ ಡೈಆಕ್ಸೈಡನ್ನು ತೋರಿಸುವುದಿಲ್ಲ. ಹೊರಗೆ ಶೇ 20.9 ಇದ್ದ ಆಮ್ಲಜನಕ ತಳದಲ್ಲಿ ಶೇ 19.9 ಎಂದುಕೊಳ್ಳಿ. ಅಲಾರಂ ಕೂಗುವುದು 19.5ಕ್ಕೆ, ಹಾಗಾಗಿ ಯಂತ್ರ ಸುಮ್ಮನಿರುತ್ತದೆ. ಆದರೆ ಗಾಳಿಯಲ್ಲಿ ಆಮ್ಲಜನಕ ಸುಮಾರು ಐದನೇ ಒಂದು ಪಾಲು ಮಾತ್ರ, ಹಾಗಾಗಿ ಅದು ಒಂದಂಕ ಇಳಿದಿದೆ ಎಂದರೆ ಸುಮಾರು ಶೇ 5ರಷ್ಟು ಬೇರೆ ಅನಿಲ ಬಂದು ಸೇರಿದೆ ಎಂದರ್ಥ. ಇಂಗಾಲದ ಡೈಆಕ್ಸೈಡ್ ಶೇ 4ಕ್ಕೇ ಜೀವಕ್ಕೆ ಅಪಾಯ. ಅಲಾರಂ ಕಾಯಬೇಡಿ, ಅಂಕಿ ನೋಡಿ. ಡಿಟೆಕ್ಟರಿನ ನಳಿಕೆಯನ್ನು ಬಾವಿಯ ಬಾಯಿ, ನಡು, ತಳ ಮೂರೂ ಕಡೆ ಎರಡೆರಡು ನಿಮಿಷ ನಿಲ್ಲಿಸಿ.

ಡಬ್ಬಿಗಳದ್ದೇ ನಮ್ಮ ತಕರಾರು. ಅಂಗಡಿಯಲ್ಲಿ 'ಆಕ್ಸಿಜನ್ ಡಬ್ಬಿ' ಎಂದು ಕೊಡುತ್ತಾರೆ, ಅದರಲ್ಲಿ ಆಕ್ಸಿಜನ್ನೇ ಇಲ್ಲ. ಇವು ಫಿಲ್ಟರ್ ಮಾದರಿಯವು. ಒಳಗಿನ ಹಾಪ್ಕಲೈಟ್ ಎಂಬ ರಾಸಾಯನಿಕ ಕಾರ್ಬನ್ ಮೊನಾಕ್ಸೈಡನ್ನು ಡೈಆಕ್ಸೈಡ್ ಮಾಡುತ್ತದೆ, ಅಷ್ಟೇ. ಕಲ್ಲಿದ್ದಲು ಗಣಿಗೆ ಬೆಂಕಿ ಬಿದ್ದಾಗ ಹೊಗೆ ದಾಟಿ ಹೊರಬರಲು ಮಾಡಿದ್ದು. ಆಮ್ಲಜನಕ ಕಡಿಮೆಯಿರುವ ಬಾವಿಗೆ ಇದನ್ನು ಕಚ್ಚಿಕೊಂಡು ಇಳಿದರೂ ಒಂದೇ, ಬರಿಬಾಯಲ್ಲಿ ಇಳಿದರೂ ಒಂದೇ. ಬೆನ್ನಿಗೆ ಕಟ್ಟುವ ಗಾಳಿ ಸಿಲಿಂಡರನ್ನೂ ಮುಖಪೂರ್ತಿ ಮುಚ್ಚುವ ಮಾಸ್ಕನ್ನೂ ಕೇಳಿ ಪಡೆಯಿರಿ.

ಕಿಟ್ಟಿನಲ್ಲಿ ಬೆಲೆಬಾಳುವುದು ಬ್ಲೋವರ್. ಕುಸಿತವಾದಾಗ ಮೊದಲು ಬೇಕಾದ್ದು ಗಾಳಿ. ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ಕುಸಿದು 2023ರ ನವೆಂಬರ್ 12ರಂದು ಸಿಕ್ಕಿಬಿದ್ದ 41 ಮಂದಿಗೆ ಗಾಳಿಯೂ ಪುರಿಯೂ ಮೊದಲು ಹೋದದ್ದು 4 ಇಂಚಿನ ಪೈಪಿನಲ್ಲಿ. ಬಿಸಿ ಊಟ ಕಳಿಸುವಂಥ 6 ಇಂಚಿನ ಪೈಪು ತಲುಪಿದ್ದು 20ಕ್ಕೆ. ಬ್ಲೋವರ್ ನಳಿಕೆ ತಳ ಮುಟ್ಟಬೇಕು, ಗಾಳಿ ಎಳೆಯುವ ಬಾಯಿ ಡೀಸೆಲ್ ಎಂಜಿನ್ನಿನ ಹೊಗೆಯಿಂದ ದೂರ ಇರಬೇಕು.

ಬುಕ್ ಮಾಡುವಾಗ ಡಿಟೆಕ್ಟರಿನ ಕ್ಯಾಲಿಬ್ರೇಷನ್ ಚೀಟಿ, ಅಂದರೆ ಅದು ಸರಿಯಾದ ಅಂಕಿ ತೋರಿಸುತ್ತದೆಂದು ಪರೀಕ್ಷಿಸಿದ ಚೀಟಿ, ಕೇಳಿ. ಕಿಟ್ಟನ್ನು ಹಿಂದಿನ ದಿನವೇ ತಂದಿಟ್ಟುಕೊಳ್ಳಿ. ಅವಘಡ ಆದಮೇಲೆ ಮೈಸೂರಿಂದ ನಾಗಮಂಗಲಕ್ಕೆ ತರಿಸುವಷ್ಟು ಹೊತ್ತು ಕೆಳಗಿದ್ದವರಿಗೆ ಇರುವುದಿಲ್ಲ. ಆಗ ಮಾಡಬೇಕಾದ್ದು 112ಕ್ಕೆ ಕರೆ, ಬ್ಲೋವರ್ ಚಾಲೂ, ಇನ್ನೊಬ್ಬರು ಇಳಿಯದಂತೆ ತಡೆಯುವುದು.